ಫರ್ ಕೊಂಬೆಗಳ ಕೆಳಗೆ ಮಲಗಿದ್ದವರು

ಪ್ರೀತಿಯ ದೊಡ್ಡಮ್ಮ, ನನ್ನ ಮತಾಂತ್ ಎಕ್ಸಿಲ್ಡಾ,

ಈ ಪತ್ರವನ್ನು ನಿಮಗೆ ಓದಿ ಹೇಳುತ್ತಿರುವವಳು ನಿಮ್ಮ ಮಗಳು ಬರ್ನಡೆಟ್. ಹಾಗಾಗಿ ಮೊದಲ ಮಾತು ಅವಳಿಗೆ. ಬರ್ನಡೆಟ್, ನಿನ್ನ ಅಮ್ಮ ಎಷ್ಟೇ ಗದರಲಿ, ಕೊನೆಯ ಹಾಳೆಗೆ ಹಾರಬೇಡ. ಒಂದು ಸಾಲೂ ಬಿಡದೆ ನಿಧಾನವಾಗಿ ಓದು. ಪತ್ರ ತಂದ ಲೂಡ್ಜರ್‌ನನ್ನು ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಡು. ಬಾಯಿ ಬಿಡುವುದಿಲ್ಲವೆಂದು ಅವನು ನನ್ನ ಮುಂದೆ ಎದೆ ಮುಟ್ಟಿಕೊಂಡು ಹೇಳಿದ್ದಾನೆ. ಆದರೆ ಅವನ ಮುಖ ಯಾವ ಗುಟ್ಟನ್ನೂ ಉಳಿಸಿಕೊಳ್ಳುವಂಥದ್ದಲ್ಲ. ಆದ್ದರಿಂದ ಮತಾಂತ್, ನೀವು ಅವನ ಮುಖ ನೋಡಬೇಡಿ, ಕಿಟಕಿಯ ಕಡೆ ನೋಡಿ. ಅವನ ಟ್ರಕ್ಕಿನಲ್ಲಿ ಕಂಬಳಿ ಹೊದಿಸಿದ್ದೊಂದು ಇದೆ. ಅದನ್ನೂ ಈಗಲೇ ಇಳಿಸುವುದು ಬೇಡ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಿಮ್ಮ ಫೋನಿನ ಮಾತು ನನಗೆ ಗೊತ್ತಿಲ್ಲವೇ? "ಬೆಕ್ಕು ಚೆನ್ನಾಗಿದ್ಯಾ? ಒಲೆ ಹೊಗೆ ಬಿಡ್ತಿಲ್ಲ ತಾನೆ? ಸರಿ, ಇಡ್ತೀನಿ" ಎಂದು ನದಿಯ ಆಚೆ ದಡಕ್ಕೂ ಕೇಳುವಂತೆ ಕೂಗಿ ಇಟ್ಟುಬಿಡುತ್ತೀರಿ. ನಾನು ಹೇಳಬೇಕಾದದ್ದು ಅಷ್ಟರಲ್ಲಿ ಮುಗಿಯುವುದಿಲ್ಲ. ನೀವು ಕೇಳಬೇಕೆಂದು ಕಾಯುತ್ತಿರುವುದು ಒಂದೇ ಒಂದು ಮಾತು, ಆಲೂಗೆಡ್ಡೆ ಹೊಲದ ಹುಳಗಳು ಎದ್ದು ಬಂದವೋ ಇಲ್ಲವೋ ಎಂಬುದು. ಆದರೆ ಆ ಒಂದು ಮಾತಿಗೆ ನಾನು ಒಂದು ಇಡೀ ಚಳಿಗಾಲ ನಿಮ್ಮ ಮನೆಯಲ್ಲಿ ಕೂತು ಕಾದಿದ್ದೇನೆ. ನೀವೂ ಸ್ವಲ್ಪ ಕಾಯಿರಿ.

ಹೋದ ಶರತ್ಕಾಲದಲ್ಲಿ ಆಲೂಗೆಡ್ಡೆ ಉಗ್ರಾಣದ ಮೆಟ್ಟಿಲಿಂದ ಜಾರಿ ಸೊಂಟ ಮುರಿದುಕೊಂಡು, ಬರ್ನಡೆಟ್‌ಳ ಕಾರಿನಲ್ಲಿ ದಿಂಬುಗಳ ಮಧ್ಯೆ ಕೂತು ಅವಳ ಊರು ಲೂಯಿಸ್ಟನ್‌ಗೆ ಹೊರಟಿರಲ್ಲ, ಆವತ್ತು ನೀವು ಕಿಟಕಿ ಇಳಿಸಿ ಲೂಡ್ಜರ್‌ಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. "ಬರೋ ವಸಂತದಲ್ಲೂ ಆ ಹುಳ ಎದ್ದು ಬಂದ್ರೆ ಹೊಲ ನಿಂದು ಕಣೋ. ನಿಂಗ್ಯಾವ ಔಷಧಿ ಬೇಕೋ ಹೊಡ್ಕೋ. ನಾನು ಕಣ್ಣು ಮುಚ್ಕೊಂಡು ಕೂತಿರ್ತೀನಿ." ಪಕ್ಕದ ಹೊಲದವನಾದ ಅವನಿಗೆ ಇದು ಸಂತೋಷದ ಸುದ್ದಿಯಾಗಬೇಕಿತ್ತು. ಪಾಪ, ಟೋಪಿ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಾ ನಿಂತಿದ್ದ. ನಾನಂತೂ ಆಚೆ ತಿರುಗಿಕೊಂಡು ಅತ್ತೆ. ನಿಮ್ಮ ಬಾವಿ ಇರುವುದು ಹೊಲದ ಕೆಳಗಿನ ಅಂಚಿನಲ್ಲಿ. ಮೇಲೆ ಹೊಡೆದದ್ದು ಕೆಳಗೆ ಬಂದೇ ಬರುತ್ತದೆ ಎಂದು ನಾರ್ಸಿಸ್ ದೊಡ್ಡಪ್ಪ ತೀರಿಹೋದಾಗಿನಿಂದ ನೀವು ಆ ಹೊಲಕ್ಕೆ ಒಂದು ತೊಟ್ಟು ವಿಷ ಬೀಳಲು ಬಿಟ್ಟಿರಲಿಲ್ಲ. ಬೇರೆ ನೀರಲ್ಲಿ ಪ್ಲೊಯ್ ದೋಸೆಯ ಹಿಟ್ಟು ಕಲಸಿದರೆ ಅದು ಮೈಮೇಲೆ ತೂತಿನ ಕಣ್ಣು ಬಿಡುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು ನೀವು. ತನ್ನ ಅಕ್ಕ ಸ್ವರ್ಗಕ್ಕೆ ಹೋದರೂ ಅಲ್ಲಿನ ನೀರಿನ ರುಚಿ ನೋಡಿಯೇ ಒಳಗೆ ಕಾಲಿಡುವವಳು ಎಂದು ಅಮ್ಮ ನಗುತ್ತಿದ್ದಳು.

ನನ್ನ ಕೆಲಸ ಏನು ಎಂದು ಎಷ್ಟು ಸಲ ಹೇಳಿದರೂ ನೀವು ಪಾದ್ರಿಗಳ ಮುಂದೆ "ನಮ್ ಜೊಸೆಟ್ ಹುಳಕ್ಕೆ ನೆಗಡಿ ಬರಿಸ್ತಾಳೆ" ಎಂದೇ ಪರಿಚಯಿಸುತ್ತೀರಿ. ಹಾಗೆ ನೋಡಿದರೆ ಈ ಹುಚ್ಚು ನನಗೆ ಹಿಡಿಸಿದವರೇ ನೀವು. ನಾನು ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ ನಿಮ್ಮ ಹೊರ ಜಗುಲಿಯಲ್ಲಿ ನೀರಿನ ಬಾಟಲಿಯೊಂದು ಮರೆತು ಉಳಿದುಹೋಗಿತ್ತು. ಹೊರಗೆ ಮೂಗು ಉದುರಿ ಬೀಳುವಂಥ ಚಳಿ, ಆದರೂ ಬಾಟಲಿಯ ನೀರು ನೀರಾಗಿಯೇ ಇತ್ತು. ನೀವು ಅದನ್ನು ಎತ್ತಿ ಮೇಜಿನ ಮೇಲೆ ಕುಕ್ಕಿದಿರಿ ನೋಡಿ, ಕಣ್ಣೆದುರೇ ಮೇಲಿನಿಂದ ಕೆಳಗೆ ಬೆಳ್ಳಗೆ ಗಟ್ಟಿಯಾಗಿ ಹೋಯಿತು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ನೀವು ಮಾತ್ರ ಏನೂ ಆಗದವರಂತೆ, "ಅದಕ್ಕೂ ಮಂಜಾಗ್ಬೇಕು ಅಂತ ಇತ್ತಮ್ಮ, ಯಾರಾದ್ರೂ ಶುರು ಮಾಡ್ಬೇಕಿತ್ತು ಅಷ್ಟೆ" ಎಂದು ಒಲೆಗೆ ಕಟ್ಟಿಗೆ ಹಾಕಲು ಹೋದಿರಿ. ಆಮೇಲೆ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ನಾನು ಓದಿದ್ದು ಇದೇ ಮಾತನ್ನು.

ಆಲೂಗೆಡ್ಡೆ ಹುಳ ಬೇಸಿಗೆಯ ಕೊನೆಗೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಖಾಲಿ ಮಾಡಿಕೊಂಡು, ಹೊಲ ಬಿಟ್ಟು ಕಾಡಿನ ಅಂಚಿಗೆ ನಡೆದು ಹೋಗಿ ಮಣ್ಣಿನೊಳಗೆ ಮಲಗುತ್ತದೆ. ಅದರ ಮೈಯಲ್ಲಿರುವ ನೀರು ನಿಮ್ಮ ಬಾಟಲಿಯ ನೀರಿದ್ದಂತೆ. ಚಳಿ ಸಾಕಷ್ಟು ಇದ್ದರೂ ಮಂಜಾಗುವುದಿಲ್ಲ, ಏಕೆಂದರೆ ಒಳಗೆ ಶುರು ಮಾಡುವವರು ಯಾರೂ ಇಲ್ಲ. ನಾನು ತಂದ ಬ್ಯಾಕ್ಟೀರಿಯಾ ಮಾಡುವುದು ಇಷ್ಟೇ, ಶುರು ಮಾಡುವುದು. ಎಲೆಗಳ ಮೇಲೆ ತಾವಾಗಿಯೇ ಬದುಕುವ ಬಡಪಾಯಿ ಜೀವಿಗಳು ಅವು. ಅವು ಹುಳದ ಮೈ ಸೇರಿಕೊಂಡರೆ, ಹುಳ ಮೊದಲು ಲೆಕ್ಕಕ್ಕೇ ಇಡದಿದ್ದ ಸಣ್ಣ ಚಳಿಗೂ ಒಳಗಿನಿಂದ ಗಟ್ಟಿಯಾಗುತ್ತದೆ. ವಿಷ ಬೇಡ, ಚಳಿಯೇ ಸಾಕು. ಚಳಿಗೆ ನಮ್ಮ ಕಣಿವೆಯಲ್ಲಿ ಯಾವತ್ತೂ ಬರವಿಲ್ಲ.

ನೀವು ಬಿದ್ದ ಆ ಶರತ್ಕಾಲಕ್ಕೂ ಒಂದು ವರ್ಷ ಹಿಂದೆ ಮೊದಲ ಸಲ ಇದನ್ನು ನಿಮಗೆ ವಿವರಿಸಿದಾಗ ನೀವು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಕೇಳಿದಿರಿ, "ಜೀವ ಇದ್ಯಾ ಅವಕ್ಕೆ?" ಇದೆ ಎಂದೆ. "ಏನ್ ತಿಂತಾವೆ?" ಎಂದಿರಿ. ಆಮೇಲೆ ನಾನು ಕಾಡಿನಂಚಿನ ಪಟ್ಟಿಯ ಅರ್ಧಕ್ಕೆ ಬ್ಯಾಕ್ಟೀರಿಯಾ ಕಲಸಿದ ನೀರು, ಇನ್ನರ್ಧಕ್ಕೆ ಬರೀ ನೀರು ಸುರಿಯುವಾಗ ನೀವು ಮೇಲಂಗಿ ಸುತ್ತಿಕೊಂಡು ನಿಂತು ನೋಡಿದಿರಿ. ತರಗೆಲೆಯನ್ನೆಲ್ಲ ಬಳಿದು ಹಾಕಿ ನೆಲವನ್ನು ಬರಿದು ಮಾಡಿದಾಗ ನಿಮ್ಮ ಹುಬ್ಬು ಗಂಟಾಗಿತ್ತು. ನಾನು ಅದನ್ನು ಗಮನಿಸಿದ್ದೆ, ಆದರೆ ಅದರ ಅರ್ಥ ಕೇಳಲಿಲ್ಲ. ಕೆಲಸ ಮುಗಿಸಿ ವಿಶ್ವವಿದ್ಯಾಲಯಕ್ಕೆ ಹೊರಟುಹೋದೆ.

ಜನವರಿಯಲ್ಲಿ ಬಂದಾಗ ಕಂಡದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಎಲ್ಲರ ಮನೆಯ ಬುಡಕ್ಕೂ ಪ್ರತಿ ವರ್ಷದಂತೆ ಫರ್ ಮರದ ಕೊಂಬೆಗಳನ್ನು ಒತ್ತಿ ಚಳಿಗಾಳಿಗೆ ಅಡ್ಡ ಕಟ್ಟಿದ್ದರು. ನಿಮ್ಮ ಮನೆಗೂ ಕಟ್ಟಿದ್ದಿರಿ. ಅಲ್ಲಿಂದ ಹೊಲದ ಮೇಲ್ಗಡೆ ನೋಡಿದರೆ, ಕಾಡಿನಂಚಿನಲ್ಲಿ, ನನ್ನ ಬ್ಯಾಕ್ಟೀರಿಯಾ ಪಟ್ಟಿಯ ಉದ್ದಕ್ಕೂ ಕೊಂಬೆಯ ಮೇಲೆ ಕೊಂಬೆ, ಸಂದಿಗೆಲ್ಲ ಹುಲ್ಲು, ಅದರ ಮೇಲೆ ಮೊಳಕಾಲು ಮುಳುಗುವಷ್ಟು ಹಿಮ. ಬರೀ ನೀರು ಹಾಕಿದ ಅರ್ಧಕ್ಕೆ ಮಾತ್ರ ಒಂದು ಕೊಂಬೆಯೂ ಇಲ್ಲ. ನಾನು ಓಡಿ ಬಂದು ಅಡುಗೆಮನೆಯ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಾಗ ನೀವು ಎಂಥ ಹೆಮ್ಮೆಯಿಂದ ನಕ್ಕಿರಿ!

"ನೋಡ್ದ್ಯಾ? ನೀನೇನೋ ಸುರಿದು ಹೊರಟೋದೆ. ಜೀವ ಇರೋವನ್ನ ಹಂಗೆ ಚಳೀಲಿ ಬಿಟ್ಟೋಗ್ತಾರಾ? ನಿನ್ ಪಾಪುಗಳ್ನ ಬೆಚ್ಚಗೆ ಹೊದಿಸಿ ಮಲಗಿಸಿದೀನಿ."

ಮತಾಂತ್, ನನಗೆ ಅಳು ಮೊದಲು ಬಂತೋ ನಗು ಮೊದಲು ಬಂತೋ ಈಗಲೂ ಗೊತ್ತಿಲ್ಲ. ಕುರ್ಚಿ ಎಳೆದುಕೊಂಡು ಕೂತು ಎರಡನ್ನೂ ಮಾಡಿದೆ. ಪಾಪುಗಳ ಜೊತೆಗೆ ಆ ಹುಳಗಳೂ ಬೆಚ್ಚಗೆ ಮಲಗಿವೆ ಎಂದು ನಾನು ಹೇಳಿದಾಗ ನಿಮ್ಮ ಮುಖ ಬಣ್ಣಗೆಟ್ಟಿತು. "ಅಯ್ಯೋ, ಕಳ್ಳರಿಗೂ ಸೇರಿಸಿ ಹಾಸಿಗೆ ಹಾಕ್ಬಿಟ್ನಾ!" ಎಂದಿರಿ. ಆ ವಸಂತದಲ್ಲಿ ನಿಮ್ಮ ಕೊಂಬೆಗಳ ಅಡಿಯಿಂದ ಎದ್ದು ಬಂದ ಹುಳಗಳು ರಜೆ ಮುಗಿಸಿ ಬಂದವರಂತೆ ಮೈ ತುಂಬಿಕೊಂಡಿದ್ದವು. ಬೇಸಿಗೆಗೆ ಹೊಲದಲ್ಲಿ ಉಳಿದದ್ದು ಬರೀ ದಂಟು. ನೀವು ದಿನವೂ ಬಗ್ಗಿ ಬಗ್ಗಿ ಹುಳ ಆರಿಸಿ ಸೀಮೆಎಣ್ಣೆ ಡಬ್ಬಿಗೆ ಹಾಕುತ್ತಿದ್ದಿರಿ. ನನಗೆ ಒಂದೇ ಒಂದು ಕೆಟ್ಟ ಮಾತು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಆದರೆ ನಿಮ್ಮ ಆ ಕೊಂಬೆಗಳು ನನ್ನ ತಲೆಯೊಳಗೆ ಒಂದು ಪ್ರಶ್ನೆ ಬಿಟ್ಟುಹೋದವು. ಬ್ಯಾಕ್ಟೀರಿಯಾ ಇದ್ದೂ ಹುಳ ಬದುಕಿತು ಎಂದರೆ, ಶುರು ಮಾಡುವವರು ಇದ್ದರಷ್ಟೇ ಸಾಲದು, ಚಳಿಯೂ ನೆಲದೊಳಕ್ಕೆ ಇಳಿಯಬೇಕು. ಹಾಗಾದರೆ ಹಿಮವೂ ಒಂದು ಕಂಬಳಿಯೇ ಅಲ್ಲವೇ? ಎಲ್ಲರೂ ಚಳಿ ಎಂದುಕೊಳ್ಳುವ ಹಿಮದ ಕೆಳಗೆ ಹುಳ ಬೆಚ್ಚಗಿರುತ್ತದೆ. ಇದು ಪುಸ್ತಕದಲ್ಲಿ ಓದಿ ಗೊತ್ತಿದ್ದ ಸಂಗತಿ. ಗೊತ್ತಿರುವುದಕ್ಕೂ, ನಿಮ್ಮ ಹೊಲದ ಕೊಂಬೆ ಎತ್ತಿ ಕೈಯಲ್ಲಿ ಮುಟ್ಟಿ ಆ ಮಣ್ಣಿನ ಬೆಚ್ಚನೆಯನ್ನು ನೋಡುವುದಕ್ಕೂ ವ್ಯತ್ಯಾಸವಿದೆ. ಅದಕ್ಕೇ ಈ ಸಲ ನಾನು ಚಳಿಗಾಲ ಪೂರ್ತಿ ಇಲ್ಲೇ ಉಳಿಯುತ್ತೇನೆಂದು ನಿಮ್ಮ ಮನೆಯ ಬೀಗದಕೈ ಕೇಳಿದ್ದು.

ಪಟ್ಟಿಯನ್ನು ಈ ಸಲ ಮೂರು ಭಾಗ ಮಾಡಿದೆ. ದೊಡ್ಡ ಭಾಗಕ್ಕೆ ಬ್ಯಾಕ್ಟೀರಿಯಾ, ಮೇಲೆ ಏನೂ ಇಲ್ಲ. ಅದರ ಪಕ್ಕದ್ದಕ್ಕೆ ಬರೀ ನೀರು, ಮೇಲೆ ಏನೂ ಇಲ್ಲ. ಮೂರನೆಯದು ಆ ದೊಡ್ಡ ಬರ್ಚ್ ಮರದ ಬುಡದ ಮೂಲೆ. ಅಲ್ಲಿ ಬ್ಯಾಕ್ಟೀರಿಯಾ ಹಾಕಿ, ನೀವು ಮಾಡಿದಂತೆಯೇ ಫರ್ ಕೊಂಬೆ ಒತ್ತಿ, ಸಂದಿಗೆ ಹುಲ್ಲು ತುರುಕಿ ಬೆಚ್ಚಗೆ ಹೊದಿಸಿದೆ. ನಿಮ್ಮ ತಪ್ಪನ್ನು ಬೇಕೆಂದೇ ಇನ್ನೊಮ್ಮೆ ಮಾಡಿದೆ. ಅದಕ್ಕೆ 'ಮತಾಂತ್ ಮೂಲೆ' ಎಂದೇ ಹೆಸರಿಟ್ಟಿದ್ದೇನೆ. ದಯವಿಟ್ಟು ಬೇಸರಿಸಬೇಡಿ, ಇದು ನನ್ನ ಕಡೆಯಿಂದ ಗೌರವ.

ಹಿಮ ಬಿದ್ದಾಗಲೆಲ್ಲ ಹೋಗಿ ಬರಿದಾದ ಎರಡು ಭಾಗಗಳನ್ನು ಗುಡಿಸುವುದು ನನ್ನ ಕೆಲಸ. ಮೊದಲು ಸಲಿಕೆ, ಆಮೇಲೆ ನಿಮ್ಮ ಜಗುಲಿಯ ಪೊರಕೆ. ಅಂಚೆ ತರುವ ಅಲ್ಬೆರ್ಟಾ ದಾರಿಯಲ್ಲಿ ಗಾಡಿ ನಿಲ್ಲಿಸಿ, "ಕಾಡು ಗುಡಿಸಿ ಮುಗೀತಾ ತಾಯಿ? ಮುಗಿದ್ಮೇಲೆ ನಮ್ಮನೆ ಅಟ್ಟ ಇದೆ, ಬಾ" ಎಂದು ಕೂಗಿದಳು. ಎಕ್ಸಿಲ್ಡಾಳ ತಂಗಿ ಮಗಳಿಗೆ ಓದಿ ಓದಿ ತಲೆ ಜಾರಿದೆ ಎಂದು ಚರ್ಚಿನ ಬಾಗಿಲಲ್ಲಿ ಮಾತಾಯಿತಂತೆ. ಆಗಲಿ ಬಿಡಿ, ಚಳಿಗಾಲ ಉದ್ದ, ಜನಕ್ಕೂ ಮಾತಾಡಲು ಏನಾದರೂ ಬೇಕು.

ಒಂದು ವಿಷಯ ಮಾತ್ರ ನಿಮಗೆ ಹೇಳಿರಲಿಲ್ಲ. ಹೊಲದ ಅಂಚನ್ನು ಬರಿದಾಗಿಡುವ ಚಿಂತೆಯಲ್ಲಿ ನಿಮ್ಮ ಮನೆಯ ಬುಡಕ್ಕೆ ಕೊಂಬೆ ಒತ್ತುವುದನ್ನೇ ಮರೆತಿದ್ದೆ. ಹೋಗುವಾಗ ನೀವು ಹೇಳಿದ್ದ ಒಂದೇ ಕೆಲಸ ಅದು. ಡಿಸೆಂಬರಿನ ಗಾಳಿ ನೆಲದ ಹಲಗೆಗಳ ಸಂದಿಯಿಂದ ನುಗ್ಗಿದಾಗ ಬೆಕ್ಕು ನನ್ನ ಹೊದಿಕೆಯೊಳಗೆ ಬಂದು ಸೇರಿಕೊಂಡಿತು. ಒಂದು ಬೆಳಿಗ್ಗೆ ಹೊರಗೆ ಧಡ್ ಧಡ್ ಸದ್ದು. ನೋಡಿದರೆ ಲೂಡ್ಜರ್. ಟ್ರಕ್ ತುಂಬ ಫರ್ ಕೊಂಬೆ ಕಡಿದು ತಂದು ಗೋಡೆಯ ಸುತ್ತ ಒತ್ತುತ್ತಿದ್ದ.

"ಹುಳ ನಡುಗ್ಬೇಕು ಅಂದ್ರೆ ಜೊತೇಲಿ ನೀನೂ ನಡುಗ್ಬೇಕು ಅಂತ ನಿನ್ ಪುಸ್ತಕದಲ್ಲಿ ಬರ್ದಿದ್ಯೇನೇ?" ಎಂದ.

ನಾನು ಮೊದಲು ಕೇಳಿದ್ದೇನು ಗೊತ್ತೇ? "ಹೊಲದ ಹತ್ರ ಹೋಗಿಲ್ಲ ತಾನೆ? ಅಲ್ಲಿ ಏನೂ ಹೊದಿಸಿಲ್ಲ ತಾನೆ?" ಅವನು ಕೊಂಬೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಗೆದ್ದರೆ ತನ್ನ ಕೈಗೆ ಬರುವ ಹೊಲ ತಪ್ಪಿಹೋಗುತ್ತದೆ ಎಂದು ಗೊತ್ತಿದ್ದೂ, ಆ ಗೆಲುವಿಗಾಗಿ ಒದ್ದಾಡುತ್ತಿದ್ದವಳ ಮನೆಯನ್ನು ಬೆಚ್ಚಗೆ ಮಾಡಿಕೊಟ್ಟು ಹೋದ ಮನುಷ್ಯ ಅವನು. ಹೊಲಕ್ಕೆ ವಿಷ ಹೊಡೆಯುತ್ತಾನೆಂದು ಅವನ ಮೇಲೆ ಎಷ್ಟೋ ವರ್ಷದಿಂದ ಇದ್ದ ನನ್ನ ಸಿಟ್ಟು ಆವತ್ತೇ ಅರ್ಧ ಹೋಯಿತು. ಅವನೂ ಏನು ಮಾಡಿಯಾನು? ಪ್ರತಿ ವರ್ಷ ಹೊಸ ಔಷಧಿ ತರುತ್ತಾನೆ, ಒಂದೆರಡು ವರ್ಷದಲ್ಲಿ ಹುಳ ಅದನ್ನು ಸಾರಿನಂತೆ ಕುಡಿದು ಅರಗಿಸಿಕೊಳ್ಳುತ್ತದೆ.

ಈಗ ಕಳೆದ ವಾರಕ್ಕೆ ಬರುತ್ತೇನೆ. ಬರ್ನಡೆಟ್, ನಿನ್ನ ಅಮ್ಮನಿಗೆ ಒಂದು ಲೋಟ ನೀರು ಕೊಡು. ಆ ಊರಿನ ನಲ್ಲಿ ನೀರಾದರೂ ಸರಿ.

ನೆಲ ಸಡಿಲವಾದ ಮೇಲೆ ಮೂರೂ ಕಡೆ ಅಗೆದು, ಸಿಕ್ಕ ಹುಳಗಳನ್ನು ಬೇರೆ ಬೇರೆ ತಟ್ಟೆಯಲ್ಲಿಟ್ಟು ನಿಮ್ಮ ಅಡುಗೆಮನೆಯ ಬಿಸಿಲು ಬೀಳುವ ಕಿಟಕಿಯಲ್ಲಿ ಸಾಲಾಗಿ ಇರಿಸಿದೆ. ಹೌದು, ನಿಮ್ಮ ನೀಲಿ ಅಂಚಿನ ತಟ್ಟೆಗಳೇ. ಕುದಿಯುವ ನೀರಲ್ಲಿ ತೊಳೆದಿಟ್ಟಿದ್ದೇನೆ, ಕೂಗಬೇಡಿ. ಬದುಕಿದ್ದರೆ ಬೆಚ್ಚಗಾದಾಗ ಕಾಲು ಆಡಿಸುತ್ತವೆ, ಇಲ್ಲದಿದ್ದರೆ ಇಲ್ಲ. ನೋಡಬೇಕಾದದ್ದು ಇಷ್ಟೇ. ಲೂಡ್ಜರ್ "ಸುಮ್ನೆ ಬಂದೆ" ಎಂದುಕೊಂಡು ಬಂದ. ಅವನ ಮುಂದೆ ಪ್ಲೊಯ್ ಮತ್ತು ಅದಕ್ಕೆ ಸವರಿಕೊಳ್ಳಲು ಹಂದಿಮಾಂಸದ ಕ್ರೆತೋ ಇಟ್ಟೆ. ಅವನು ತಿನ್ನುವುದು ಬಿಟ್ಟು ಕಿಟಕಿಯನ್ನೇ ನೋಡುತ್ತಿದ್ದ.

ಮೊದಲು ಎದ್ದದ್ದು ನಿಮ್ಮ ಮೂಲೆಯವು. ಒಂದು ಕಾಲು, ಮೀಸೆ, ಆಮೇಲೆ ಇಡೀ ತಟ್ಟೆಯೇ ಮಿಸುಕಾಡಿತು. "ಎದ್ವಪ್ಪ ಎಕ್ಸಿಲ್ಡಾ ಮನೆ ನೆಂಟ್ರು!" ಎಂದು ಲೂಡ್ಜರ್ ಕುರ್ಚಿಯಿಂದ ಎದ್ದ. ಬರೀ ನೀರಿನ ತಟ್ಟೆಯಲ್ಲಿ ಒಂದಷ್ಟು ಸತ್ತಿದ್ದವು, ಒಂದಷ್ಟು ಸೋಮಾರಿಗಳಂತೆ ತಡವಾಗಿ ಎದ್ದವು. ಬ್ಯಾಕ್ಟೀರಿಯಾ ಹಾಕಿ ಬರಿದಾಗಿಟ್ಟಿದ್ದ ಭಾಗದ ತಟ್ಟೆಯಲ್ಲಿ ಮಾತ್ರ ಒಂದೂ ಅಲುಗಲಿಲ್ಲ. ಬಿಸಿಲು ಕಿಟಕಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಯಿತು, ಆಗಲೂ ಏನೂ ಇಲ್ಲ. ಲೂಡ್ಜರ್ ಅವುಗಳ ಮೇಲೆ ಬಾಯಿಂದ ಬಿಸಿ ಊದಿದ. ಚಮಚದಿಂದ ತಟ್ಟಿದ. "ಏಯ್, ಏಳ್ರೋ, ಹೊಸ ಎಲೆ ಬಂದಿದೆ" ಎಂದು ಕರೆದ. ಬೆಕ್ಕು ಕೂಡ ಒಂದನ್ನು ಉರುಳಿಸಿ ನೋಡಿ, ಬೇಸರವಾಗಿ ಹೊರಟುಹೋಯಿತು.

ಸುಳ್ಳೇಕೆ ಹೇಳಲಿ, ಆ ತಟ್ಟೆಯಲ್ಲಿ ಒಂದೇ ಒಂದು ಹುಳ ಸಂಜೆ ಹೊತ್ತಿಗೆ ಕಾಲು ಆಡಿಸಿತು. ಅದು ಹೇಗೆ ಉಳಿಯಿತು? ಬೇರೆಯವಕ್ಕಿಂತ ಆಳಕ್ಕೆ ತೋಡಿಕೊಂಡು ಹೋಗಿತ್ತೋ, ಬ್ಯಾಕ್ಟೀರಿಯಾ ಮುಟ್ಟಿಯೂ ಅದರ ಮೈ ಕೇಳಲಿಲ್ಲವೋ? ಗೆದ್ದ ಸಂತೋಷದಲ್ಲೂ ನನ್ನ ಮನಸ್ಸು ಆ ಹಠಮಾರಿಯ ಹಿಂದೆಯೇ ಸುತ್ತುತ್ತಿದೆ. ಅದನ್ನು ಗಾಜಿನ ಭರಣಿಯಲ್ಲಿಟ್ಟು ಎಲೆ ಹಾಕುತ್ತಿದ್ದೇನೆ. ಅದಕ್ಕೆ ಯಾರ ಹೆಸರಿಟ್ಟಿದ್ದೇನೆಂದು ನೀವು ಊಹಿಸಬಲ್ಲಿರಿ.

ಆದರೆ ಮತಾಂತ್, ಲೂಡ್ಜರ್‌ಗೆ ನಾನು ಇನ್ನೊಂದು ಸತ್ಯವನ್ನೂ ಹೇಳಲೇಬೇಕಿತ್ತು. ನಿಮ್ಮ ಅಂಚಿನಲ್ಲಿ ಹುಳ ಸತ್ತರೂ ಅವನ ಅಂಚಿನವು ಬದುಕಿವೆ. ಬೇಲಿಯಿಲ್ಲದ ಹೊಲಗಳು, ಅವು ನಡೆದು ಬರುತ್ತವೆ. ನಿಮ್ಮ ಹೊಲವೊಂದಕ್ಕೇ ಮಾಡಿದರೆ ಅರ್ಧ ಕೆಲಸ. ಇದನ್ನು ಹೇಳಿದಾಗ ಅವನು ಟೋಪಿ ತೆಗೆದುಕೊಂಡು ಹೊರಗೆ ಹೋದ. ಎರಡು ಹೊಲಗಳ ನಡುವೆ ನಿಂತು ತನ್ನ ಕಾಡಿನಂಚನ್ನು ನೋಡುತ್ತಿದ್ದ. ನಾನು ಕಿಟಕಿಯಲ್ಲಿ ನಿಂತು ಅವನ ಬೆನ್ನು ನೋಡುತ್ತಿದ್ದೆ. ಎಲ್ಲ ಕೈತಪ್ಪಿತು ಎಂದೇ ಅಂದುಕೊಂಡೆ. ವಾಪಸ್ಸು ಬಂದವನು ಬಾಗಿಲಲ್ಲೇ ನಿಂತು ಹೇಳಿದ:

"ಈ ಶರತ್ಕಾಲಕ್ಕೆ ನನ್ನ ಅಂಚಿಗೂ ಹಾಕು. ಹಿಮ ತಳ್ಳೋಕೆ ನನ್ ಹತ್ರ ಟ್ರ್ಯಾಕ್ಟರ್ ಇದೆ, ನಿನ್ ಪೊರಕೆ ಒಲೆಗೆ ಹಾಕು. ಬಾವಿ ಕಡೆ ಇರೋ ನನ್ ಸಾಲುಗಳಿಗೆ ಈ ವರ್ಷದಿಂದ್ಲೇ ಔಷಧಿ ಹೊಡೆಯಲ್ಲ. ಮತ್ತೆ ಎಕ್ಸಿಲ್ಡಾಗೆ ಹೇಳು, ಅವಳ ಹೊಲ ನಂಗೆ ಬೇಡ. ಅದರ ಜೊತೆ ಅವಳ ಬೈಗುಳಾನೂ ಬರುತ್ತೆ, ನನ್ ಕೈಲಾಗಲ್ಲ."

ನಿಮ್ಮ ಜಗುಲಿಯ ಆ ಬಾಟಲಿ ನನಗೆ ನೆನಪಾಯಿತು, ಅವನಿಗೂ ಯಾರಾದರೂ ಶುರು ಮಾಡಬೇಕಿತ್ತು ಅಷ್ಟೆ. ಅವನು ಹೋದ ಮೇಲೆ ನೆಲದ ಮೇಲೆ ಕೂತು ಬೆಕ್ಕನ್ನು ಅಪ್ಪಿಕೊಂಡು ಚೆನ್ನಾಗಿ ಅತ್ತೆ. ಹೊಲ ನಿಮ್ಮದೇ, ಮತಾಂತ್. ಈ ಬೇಸಿಗೆಯಲ್ಲಿ ಅವನ ಕಡೆಯಿಂದ ಬರುವ ಹುಳಗಳನ್ನು ನಾನೇ ಡಬ್ಬಿ ಹಿಡಿದು ಆರಿಸುತ್ತೇನೆ. ನೀವು ಕುರ್ಚಿ ಹಾಕಿಕೊಂಡು ಕೂತು ನಾನು ಬಿಟ್ಟುಹೋದವನ್ನು ತೋರಿಸಿ ಬೈಯಿರಿ.

ಮೊಮ್ಮಗಳ ಜ್ಞಾನಸ್ನಾನಕ್ಕೆ ಲೂಯಿಸ್ಟನ್‌ಗೆ ಹೊರಟ ಲೂಡ್ಜರ್, ಈ ಪತ್ರ ತೆಗೆದುಕೊಳ್ಳಲು ಬಂದಾಗ ಹಾಲಿನ ಕ್ಯಾನ್ ಒಂದನ್ನು ತಂದಿದ್ದ. ನಾನು ಹೇಳಿರಲಿಲ್ಲ. ತಾನೇ ಪಂಪು ಹೊಡೆದು ನಿಮ್ಮ ಬಾವಿಯ ನೀರನ್ನು ಕುತ್ತಿಗೆವರೆಗೆ ತುಂಬಿಸಿದ. ಆಮೇಲೆ ತನ್ನ ಸೀಟಿನ ಮೇಲಿದ್ದ ಕಂಬಳಿ ತೆಗೆದು ಅದಕ್ಕೆ ಸುತ್ತತೊಡಗಿದ. ಮೇ ತಿಂಗಳಲ್ಲಿ ನೀರಿಗೆ ಯಾಕಯ್ಯ ಕಂಬಳಿ ಎಂದು ಕೇಳಿದೆ.

"ಎಕ್ಸಿಲ್ಡಾ ಆಗಿದ್ರೆ ಹೊದಿಸೋಳು" ಎಂದ.

ಬರ್ನಡೆಟ್, ಈಗ ಅವನಿಗೆ ಹೇಳು, ಕ್ಯಾನ್ ಒಳಗೆ ತರಲಿ. ಹಿಟ್ಟು ಕಲಸು. ಮತಾಂತ್, ನಿಮ್ಮ ಸೊಂಟಕ್ಕೆ ದೇವರು ಬೇಗ ಬಲ ಕೊಡಲಿ, ನಿಮ್ಮ ಪ್ಲೊಯ್ ಮೈತುಂಬ ಕಣ್ಣು ಬಿಡಲಿ. ಮನೆ ಬೆಚ್ಚಗಿದೆ, ಬೇಗ ಬನ್ನಿ.

ನಿಮ್ಮ ಹುಳಗಳಿಗೆ ನೆಗಡಿ ಬರಿಸುವ,
ಜೊಸೆಟ್